ವಾರಂಟಿ ಇನ್ನು ಏಳೇ ವಾರ. ಡೀಲರ್ "ಇದು ನಾರ್ಮಲ್" ಅಂತಾರೆ. ಏನು ಮಾಡಲಿ?

ನಿಧಾನಸ್ಥ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಕಥೆ, ಸಹಿಸಿಕೊಳ್ಳಿ.

ನನ್ನ ಕಾರು ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್ (ಎರಡು ಕ್ಲಚ್ ಇಟ್ಟುಕೊಂಡು ತಾನೇ ಗೇರ್ ಬದಲಿಸುವಂಥದ್ದು), ಡ್ರೈ ಕ್ಲಚ್ ಇರುವಂಥದ್ದು. ಕೊಂಡು 2 ವರ್ಷ 10 ತಿಂಗಳು ದಾಟಿತು, 41,000 ಕಿ.ಮೀ. ಓಡಿದೆ. ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿ.ಮೀ., ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ. ಲೆಕ್ಕ ಹಾಕಿದರೆ ಇನ್ನು ಏಳು ವಾರ.

ತೊಂದರೆ ಏನೆಂದರೆ, ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ತೆವಳಿದ ಮೇಲೆ ನಿಂತಲ್ಲಿಂದ ಹೊರಡುವಾಗ ಕಾರು ಗಡಗಡ ನಡುಗುತ್ತದೆ. ಒಂದರಿಂದ ಎರಡನೇ ಗೇರಿಗೆ ಬೀಳುವಾಗ ಹಿಂದಿನಿಂದ ಯಾರೋ ದೂಡಿದ ಹಾಗೆ ಜರ್ಕ್. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಏನೂ ಇಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಗುತ್ತದೆ. ಸರ್ವಿಸ್ ಸೆಂಟರ್‌ನವರು ಓಡಿಸಿ ನೋಡುವುದೂ ಬೆಳಿಗ್ಗೆಯೇ!

ಇಲ್ಲಿಯವರೆಗೆ ಮೂರು ಸಲ ಹೋಗಿದ್ದೇನೆ. ಮೊದಲ ಸಲ "ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದೇವೆ, ಸರಿಯಾಗುತ್ತೆ" ಎಂದರು. ಎರಡನೇ ಸಲ "ನಮಗೆ ಏನೂ ಕಾಣಿಸಲಿಲ್ಲ ಸರ್, ಈ ಗೇರ್‌ಬಾಕ್ಸ್ ಇರುವುದೇ ಹಾಗೆ". ಕಳೆದ ವಾರ ಮೂರನೇ ಸಲ ಮಾತು ಬದಲಾಯಿತು. "ಕ್ಲಚ್ ಸವೆಯುವ ಭಾಗ, ವಾರಂಟಿಯಲ್ಲಿ ಬರೋದಿಲ್ಲ. ನೀವು ಓಡಿಸುವ ರೀತಿಯಿಂದಲೂ ಆಗಿರಬಹುದು."

ನನಗೆ ಸಿಟ್ಟು ಬಂದದ್ದು ಇಲ್ಲೇ. ತೊಂದರೆಯೇ ಇಲ್ಲ ಎಂದವರು, ಈಗ ತೊಂದರೆ ಇದೆ ಆದರೆ ನಿಮ್ಮದೇ ತಪ್ಪು ಎನ್ನುತ್ತಿದ್ದಾರೆ. ಎರಡೂ ಹೇಗೆ ನಿಜವಾಗುತ್ತದೆ? ಇಂಥದ್ದನ್ನು ಎದುರಿಸಿದವರು ಯಾರಾದರೂ ಇದ್ದೀರಾ?

ಬಿಸಿರಕ್ತ

ಮಾತಾಡಿ ಪ್ರಯೋಜನ ಇಲ್ಲ ಸರ್. ಶೋರೂಮ್ ಬಾಗಿಲಿಗೆ ಅಡ್ಡ ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಂಡು ಮನೆಗೆ ಬನ್ನಿ. ಸಂಜೆಯೊಳಗೆ ಅವರೇ ಫೋನ್ ಮಾಡುತ್ತಾರೆ.

ಜಾಬ್‌ಕಾರ್ಡ್ ಮಾಜಿ

ಬಿಸಿರಕ್ತ ಅವರೇ, ಹಾಗೆ ಮಾಡಿದರೆ ಫೋನ್ ಮಾಡುವುದು ಅವರಲ್ಲ, ಪೊಲೀಸರು. ದಯವಿಟ್ಟು ಬೇಡ.

ನಾನು ಒಂಬತ್ತು ವರ್ಷ ಸರ್ವಿಸ್ ಅಡ್ವೈಸರ್ ಆಗಿದ್ದೆ, ಈಗ ಬೇರೆ ಕೆಲಸ. ಕೌಂಟರ್‌ನ ಆ ಕಡೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಅದು ಗೊತ್ತಾದರೆ ಅರ್ಧ ಜಗಳ ಬೇಕಾಗುವುದೇ ಇಲ್ಲ.

ವಾರಂಟಿ ಕೊಟ್ಟಿರುವುದು ಕಂಪನಿ. ರಿಪೇರಿ ಮಾಡುವುದು ಡೀಲರ್. ಡೀಲರ್ ಕೆಲಸ ಮುಗಿಸಿ ಕಂಪನಿಗೆ ಕ್ಲೇಮ್ ಕಳಿಸುತ್ತಾನೆ, ಕಂಪನಿ ಪಾರ್ಟ್‌ನ ಹಣ ಮತ್ತು ಕೂಲಿ ಕೊಡುತ್ತದೆ. ಕೂಲಿ ಎಂದರೆ ಎಷ್ಟು ಹೊತ್ತು ಹಿಡಿಯಿತೋ ಅಷ್ಟಲ್ಲ. ಈ ಕೆಲಸಕ್ಕೆ ಇಷ್ಟು ಗಂಟೆ ಎಂದು ಮೊದಲೇ ನಿಗದಿ. ತೊಂದರೆ ಎಲ್ಲಿದೆ ಎಂದು ಹುಡುಕಲು ಮೆಕ್ಯಾನಿಕ್ ಅರ್ಧ ದಿನ ತಲೆ ಕೆಡಿಸಿಕೊಂಡರೆ ಅದರಲ್ಲಿ ಬಹುಪಾಲು ಡೀಲರ್ ತಲೆಯ ಮೇಲೆ. ಅದೇ ಮೆಕ್ಯಾನಿಕ್ ಆ ಅರ್ಧ ದಿನ ದುಡ್ಡು ಕೊಡುವ ಗಿರಾಕಿಯ ಕಾರಿನ ಕೆಲಸ ಮಾಡಿದರೆ ಲಾಭ. ಬಂದು ಹೋಗಿ ಬಂದು ಹೋಗಿ ಮಾಡುವ ತೊಂದರೆ ಅಂದರೆ ಅಡ್ವೈಸರ್ ಮುಖ ಯಾಕೆ ಸಪ್ಪಗಾಗುತ್ತದೆ ಅಂತ ಈಗ ಗೊತ್ತಾಯಿತಲ್ವಾ?

ಇನ್ನೊಂದು ಭಯವೂ ಇದೆ. ಕಂಪನಿಯವರು ಆಗಾಗ ಹಳೆ ಕ್ಲೇಮ್‌ಗಳ ಫೈಲ್ ತೆಗೆದು ಆಡಿಟ್ ಮಾಡುತ್ತಾರೆ. ಫೋಟೊ ಇಲ್ಲ, ಎರರ್ ಕೋಡ್ ಪ್ರಿಂಟ್ ಇಲ್ಲ, ಗ್ರಾಹಕರು ಹೇಳಿದ ದೂರಿಗೂ ಬದಲಿಸಿದ ಪಾರ್ಟ್‌ಗೂ ತಾಳೆ ಇಲ್ಲ ಎಂದರೆ ಕೊಟ್ಟ ಹಣವನ್ನೂ ವಾಪಸ್ ಕಿತ್ತುಕೊಳ್ಳುತ್ತಾರೆ. ಹಳೆ ಪಾರ್ಟ್ ಅನ್ನು ಕೂಡ ಕಂಪನಿ ಹೇಳುವವರೆಗೆ ಎತ್ತಿಡಬೇಕು. ವಾರಂಟಿಯಲ್ಲಿ ಬದಲಿಸಿದ ಹಳೆ ಪಾರ್ಟ್ ಕೇಳಿದರೆ ಕೊಡುವುದಿಲ್ಲ ಅನ್ನುವುದು ಇದಕ್ಕೇ. ಅದರಲ್ಲಿ ಮೋಸ ಏನಿಲ್ಲ.

ಹಾಗಾಗಿ "ನಮಗೆ ಕಾಣಿಸಲಿಲ್ಲ" ಎಂಬ ಮಾತು ಯಾವಾಗಲೂ ಸುಳ್ಳಲ್ಲ. ಕಾಣಿಸದೇ ಇದ್ದದ್ದಕ್ಕೆ ಕ್ಲೇಮ್ ಹಾಕಲು ಬರುವುದಿಲ್ಲ. ನಿಮ್ಮ ಕೆಲಸ ಏನು? ಅಡ್ವೈಸರ್ ಹೆದರದೆ ಕ್ಲೇಮ್ ಹಾಕಬಹುದಾದಷ್ಟು ಸಾಕ್ಷಿಯನ್ನು ಅವರ ಕೈಗಿಡುವುದು. ಅವರು ನಿಮ್ಮ ಶತ್ರು ಅಂದುಕೊಂಡು ಹೋದರೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಮೊದಲು ಒಂದು ಕೆಲಸ ಮಾಡಿ. ಮೂರೂ ಸಲದ ಜಾಬ್ ಕಾರ್ಡ್ (ಕಾರು ಬಿಡುವಾಗ ದೂರು ಬರೆದು ನಿಮ್ಮ ಸಹಿ ಪಡೆಯುವ ಕಾಗದ) ಹುಡುಕಿ ತೆಗೆಯಿರಿ. ಗ್ರಾಹಕರ ದೂರು ಎಂಬ ಜಾಗದಲ್ಲಿ ಏನು ಬರೆದಿದೆ ಅಂತ ಅಕ್ಷರ ಬಿಡದೆ ಇಲ್ಲಿ ಹಾಕಿ.

ಅರ್ಧ ಟ್ಯಾಂಕ್

ಜಾಬ್ ಕಾರ್ಡ್ ವಿಷಯಕ್ಕೆ ನನ್ನದೊಂದು ಹೊಟ್ಟೆ ಉರಿ ಕೇಳಿ.

ನನ್ನ ಹಳೆ ಕಾರಿನಲ್ಲಿ ಎಸಿ ಕಂಪ್ರೆಸರ್ ಸದ್ದು ಮಾಡುತ್ತಿತ್ತು. ವಾರಂಟಿ ಇದ್ದಾಗಲೇ ಎರಡು ಸಲ ಹೇಳಿದೆ. ಅಡ್ವೈಸರ್ ಬಹಳ ಒಳ್ಳೆಯ ಹುಡುಗ, "ಅಕ್ಕ, ನೋಡಿಸ್ತೀನಿ" ಎಂದು ನಗುನಗುತ್ತ ಬರೆದುಕೊಂಡ. ನಾನು ಸಹಿ ಹಾಕಿ ಬಂದೆ. ವಾರಂಟಿ ಮುಗಿದ ಎರಡೇ ತಿಂಗಳಿಗೆ ಕಂಪ್ರೆಸರ್ ಕೂತಿತು. ಮೊದಲೇ ಹೇಳಿದ್ದೆ ಅಂತ ವಾದ ಮಾಡಲು ಹಳೆ ಕಾಗದ ತೆಗೆದರೆ ಎರಡರಲ್ಲೂ ಇದ್ದದ್ದು ಒಂದೇ ಸಾಲು: "ಜನರಲ್ ಚೆಕಪ್, ವಾಟರ್ ವಾಶ್."

ಸದ್ದಿನ ಸುದ್ದಿಯೇ ಇಲ್ಲ! ನಾನು ಹೇಳಿದ್ದಕ್ಕೆ ಸಾಕ್ಷಿ ನಾನೊಬ್ಬಳೇ. ಕಂಪನಿಗೆ ಬರೆದು, ಕಾಡಿ ಬೇಡಿ ಕೊನೆಗೆ ಗುಡ್‌ವಿಲ್ ಅಂತ ಪಾರ್ಟ್‌ನ ಅರ್ಧ ಹಣ ಬಿಟ್ಟರು. ಎಲ್ಲ ಸರ್ವಿಸೂ ಅವರ ಹತ್ತಿರವೇ ಮಾಡಿಸಿದ್ದೆ ಎಂಬ ಕಾರಣಕ್ಕೆ ಅಷ್ಟಾದರೂ ಸಿಕ್ಕಿತು. ಆ ಸಾಲು ಸರಿಯಾಗಿ ಇದ್ದಿದ್ದರೆ ಪೂರ್ತಿ ಸಿಗುತ್ತಿತ್ತು ಅಂತ ಈಗಲೂ ಅನಿಸುತ್ತದೆ.

ಈಗ ನಾನು ಸಹಿ ಹಾಕುವ ಮೊದಲು ಕನ್ನಡಕ ಹಾಕಿಕೊಂಡು ಓದುತ್ತೇನೆ. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ.

ನಿಧಾನಸ್ಥ

ಮೇಡಂ, ನಿಮ್ಮ ಪೋಸ್ಟ್ ಓದಿ ಎದೆ ಧಸಕ್ಕೆಂದಿತು. ಈಗಷ್ಟೇ ಫೈಲ್ ತೆಗೆದು ನೋಡಿದೆ.

ಮೊದಲ ಸಲ: "ಸಾಫ್ಟ್‌ವೇರ್ ಅಪ್‌ಡೇಟ್." ಅಷ್ಟೇ. ಯಾಕೆ ಅಪ್‌ಡೇಟ್ ಎಂಬುದಿಲ್ಲ.
ಎರಡನೇ ಸಲ: "ಗೇರ್ ಜರ್ಕ್ ಪರೀಕ್ಷೆ. ಟೆಸ್ಟ್ ಡ್ರೈವ್ ಮಾಡಲಾಗಿದೆ, ಸರಿ ಇದೆ."
ಮೂರನೇ ಸಲ ಜಾಬ್ ಕಾರ್ಡೇ ತೆರೆದಿಲ್ಲ! ಅಡ್ವೈಸರ್ ಕೌಂಟರ್‌ನಲ್ಲೇ ನಿಂತು ಹೇಳಿ ಕಳಿಸಿಬಿಟ್ಟರು. ಅಂದರೆ ಸವೆಯುವ ಭಾಗ, ನಾನು ಓಡಿಸುವ ರೀತಿ ಎಂದದ್ದೆಲ್ಲ ಬರೀ ಬಾಯಿಮಾತು.

ಜಾಬ್‌ಕಾರ್ಡ್ ಮಾಜಿ

ಮೂರನೆಯದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಅವರು ಕಾಗದದ ಮೇಲೆ ಇನ್ನೂ ಇಲ್ಲ ಎಂದಿಲ್ಲ. ಎರಡನೆಯದರಲ್ಲಿ "ಗೇರ್ ಜರ್ಕ್" ಎಂಬ ಎರಡು ಪದ ಇದೆಯಲ್ಲ, ಅದು ಚಿನ್ನ. ವಾರಂಟಿ ಒಳಗೆ ದೂರು ದಾಖಲಾಗಿದೆ ಎಂಬುದಕ್ಕೆ ಅಷ್ಟು ಸಾಕು. ತಾರೀಖು, ಓಡೋಮೀಟರ್ ಓದು ಎರಡೂ ಕಾಣುವ ಹಾಗೆ ಫೋಟೊ ತೆಗೆದಿಡಿ. ಥರ್ಮಲ್ ಪೇಪರ್ ಆದರೆ ಬರಬರುತ್ತ ಅಕ್ಷರ ಮಾಸಿ ಬಿಳಿ ಹಾಳೆ ಆಗಬಹುದು.

ಗ್ರೀಸ್ ಕೈ

ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುವುದು ನನ್ನ ಹೊಟ್ಟೆಪಾಡು. ಡೀಲರ್ ಹತ್ತಿರ ಅಲ್ಲ, ಸ್ವಂತ ಗ್ಯಾರೇಜು. ಕಾರು ನೋಡದೆ ಇದೇ ತೊಂದರೆ ಅಂತ ಹೇಳುವುದಿಲ್ಲ. ಆದರೆ ನೀವು ಹೇಳಿದ್ದರಲ್ಲಿ ಒಂದು ಸುಳಿವಿದೆ.

ಡ್ರೈ ಕ್ಲಚ್‌ನಲ್ಲಿ ಪ್ಲೇಟುಗಳು ಎಣ್ಣೆಯಲ್ಲಿ ಮುಳುಗಿರುವುದಿಲ್ಲ, ಗಾಳಿಯಿಂದಲೇ ತಣ್ಣಗಾಗಬೇಕು. ನಿಂತು ಹೊರಟು ನಿಂತು ಹೊರಟು ಮಾಡುವಾಗ ಕ್ಲಚ್ ಅರ್ಧ ಹಿಡಿದು ಅರ್ಧ ಬಿಟ್ಟು ಜಾರುತ್ತಲೇ ಇರುತ್ತದೆ, ಬಿಸಿ ಏರುತ್ತಲೇ ಹೋಗುತ್ತದೆ. ಬೆಳಿಗ್ಗೆ ಸರಿ, ಟ್ರಾಫಿಕ್ ಆದ ಮೇಲೆ ನಡುಕ ಎಂಬುದು ಇದಕ್ಕೆ ಹೊಂದುತ್ತದೆ.

ಈಗ ಮುಖ್ಯ ಮಾತು. ಪ್ಲೇಟು ಸಾಮಾನ್ಯವಾಗಿ ಸವೆದರೆ ಕ್ಲಚ್ ಜಾರುತ್ತದೆ. ಆಕ್ಸಲರೇಟರ್ ಒತ್ತಿದರೆ ಆರ್‌ಪಿಎಂ ಏರುತ್ತದೆ, ಕಾರು ಏರುವುದಿಲ್ಲ. ನಿಮ್ಮದು ಜಾರುತ್ತಿಲ್ಲ, ನಡುಗುತ್ತಿದೆ. ನಡುಕ ಬರುವುದು ಬಹುತೇಕ ಪ್ಲೇಟು ಒಂದೇ ಸಮ ಹಿಡಿಯದಿದ್ದಾಗ. ಬಿಸಿಗೆ ಸೊಟ್ಟಗಾಗಿರಬಹುದು. ಮೇಲ್ಮೈ ಸುಟ್ಟು ಹೊಳಪಾಗಿರಬಹುದು. ಅಥವಾ ಎಂಜಿನ್ ಕಡೆಯಿಂದಲೋ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಕಡೆಯಿಂದಲೋ ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ಸಿಡಿದಿರಬಹುದು. ಎಣ್ಣೆ ಬಿದ್ದ ಪ್ಲೇಟು ಹಾಳಾದರೆ ಅದು ಸವೆತ ಹೇಗಾಗುತ್ತದೆ? ಸೀಲ್ ಕೆಟ್ಟು ಕ್ಲಚ್ ಕೆಡಿಸಿದೆ. ಸೀಲ್ ಸಾಮಾನ್ಯವಾಗಿ ವಾರಂಟಿಯಲ್ಲಿ ಬರುತ್ತದೆ, ಅದರಿಂದ ಹಾಳಾದದ್ದನ್ನೂ ಕೇಳುವ ಹಕ್ಕಿದೆ. ನಿಮ್ಮ ವಾರಂಟಿ ಪುಸ್ತಕದಲ್ಲಿ ಕ್ಲಚ್ ಬಗ್ಗೆ ಇರುವ ಸಾಲು ಓದಿ. ಎಷ್ಟೋ ಪುಸ್ತಕಗಳಲ್ಲಿ "ಸಹಜ ಸವೆತ" ಮಾತ್ರ ಹೊರಗೆ ಎಂದಿರುತ್ತದೆ, ಕ್ಲಚ್ಚೇ ಹೊರಗೆ ಎಂದಿರುವುದಿಲ್ಲ. ಆ "ಸಹಜ" ಎಂಬ ಪದದ ಮೇಲೆ ಬೆರಳಿಟ್ಟು ಕೇಳಿ.

ಕೇಳಬೇಕಾದ್ದು ಮೂರು. ಗೇರ್‌ಬಾಕ್ಸ್ ಕಂಟ್ರೋಲ್ ಯೂನಿಟ್‌ನಲ್ಲಿ, ಅಂದರೆ ಅದರ ಕಂಪ್ಯೂಟರಿನಲ್ಲಿ, ಕೂತಿರುವ ಎರರ್ ಕೋಡುಗಳ ಪ್ರಿಂಟ್. ಕ್ಲಚ್ ಅಡಾಪ್ಟೇಷನ್ ಓದುಗಳು, ಅಂದರೆ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂದು ಗೇರ್‌ಬಾಕ್ಸ್ ಕಲಿತಿಟ್ಟುಕೊಂಡ ಅಂಕಿಗಳು. ಮತ್ತೆ ಬೆಲ್ ಹೌಸಿಂಗ್ (ಕ್ಲಚ್ ಕೂತಿರುವ ಕವಚ) ಕೆಳಗೆ ಎಣ್ಣೆ ಜಿನುಗಿದೆಯಾ ಎಂದು ಲಿಫ್ಟ್ ಮೇಲೆ ಎತ್ತಿ ನಿಮ್ಮ ಎದುರಿಗೇ ನೋಡುವುದು.

ಒಂದು ಎಚ್ಚರಿಕೆ. ನೀವೇ ಸ್ಕ್ಯಾನರ್ ಕೊಂಡು ಕೋಡ್ ಓದುವುದಾದರೆ ಓದಿ, ಅಳಿಸಬೇಡಿ. ಬ್ಯಾಟರಿ ಬಿಚ್ಚಲೂ ಹೋಗಬೇಡಿ. ಕೋಡ್ ಬಂದ ಗಳಿಗೆಯಲ್ಲಿ ವೇಗ ಎಷ್ಟು, ಆರ್‌ಪಿಎಂ ಎಷ್ಟು, ಬಿಸಿ ಎಷ್ಟು ಎಂಬುದೂ ಅದರ ಜೊತೆ ಉಳಿದಿರಬಹುದು. ಅಳಿಸಿದರೆ ಅದೂ ಹೋಯಿತು. ಸಾದಾ ಸ್ಕ್ಯಾನರ್‌ನಲ್ಲಿ ಎಂಜಿನ್ ಕೋಡ್ ಕಾಣುತ್ತದೆ, ಗೇರ್‌ಬಾಕ್ಸ್‌ನದ್ದು ಎಷ್ಟೋ ಸಲ ಕಾಣುವುದಿಲ್ಲ. ಏನೂ ಕಾಣಲಿಲ್ಲ ಅಂತ ಸುಮ್ನೆ ಆಗಬೇಡಿ.

ಕೊನೆಗೆ ಒಂದು ಪ್ರಶ್ನೆ, ಬೇಸರ ಬೇಡ. ಏರಿನಲ್ಲಿ ನಿಂತಾಗ ಬ್ರೇಕ್ ಬಿಟ್ಟು, ಆಕ್ಸಲರೇಟರ್ ಮೇಲೆಯೇ ಕಾರನ್ನು ಹಿಡಿದು ನಿಲ್ಲಿಸುವ ಅಭ್ಯಾಸ ಇದೆಯಾ?

ನಿಧಾನಸ್ಥ

ಬೇಸರ ಏನಿಲ್ಲ ಅಣ್ಣ. ಇಲ್ಲ, ಬ್ರೇಕ್ ಮೇಲೇ ಕಾಲಿಟ್ಟು ನಿಲ್ಲುತ್ತೇನೆ. ಅಪ್ಪನ ಕಾಲದಿಂದ ಬಂದ ಅಭ್ಯಾಸ. ಆದರೆ ಮುಂದಿನ ಕಾರು ಒಂದಡಿ ಸರಿದರೆ ನಾನೂ ಒಂದಡಿ ಸರಿಯುತ್ತೇನೆ, ಸುಳ್ಳು ಹೇಳಲಾರೆ.

ಪುಸ್ತಕ ನೋಡಿದೆ. ನೀವು ಹೇಳಿದ ಹಾಗೇ ಇದೆ: ಸಹಜ ಸವೆತದಿಂದ ಬದಲಿಸಬೇಕಾದ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ವಗೈರೆ.

ಗ್ರೀಸ್ ಕೈ

ಒಂದಡಿ ಸರಿಯುವುದನ್ನು ಬಿಡಿ. ಎರಡು ಕಾರಿನಷ್ಟು ಜಾಗ ಆಗುವವರೆಗೆ ನಿಂತು, ಒಂದೇ ಸಲ ಹೋಗಿ. ಹಾಗಂತ ಟ್ರಾಫಿಕ್‌ನಲ್ಲಿ ಓಡಿಸುವುದೇ ತಪ್ಪು ಅನ್ನಲಾಗುವುದಿಲ್ಲ. ಟ್ರಾಫಿಕ್‌ಗೆಂದೇ ಜನ ಆಟೊಮ್ಯಾಟಿಕ್ ಕೊಳ್ಳುವುದು.

ಹಳೇ ಟೈರ್

ಎಲ್ಲರೂ ಡೀಲರ್‌ಗೆ ಬಯ್ಯುತ್ತಿದ್ದೀರಿ (ಮಾಜಿ ಸರ್ ಒಬ್ಬರನ್ನು ಬಿಟ್ಟು). ಡೀಲರ್ ಹೇಳಿದ್ದು ಸರಿ ಇದ್ದ ಕಥೆಯೊಂದು ಹೇಳಲಾ? ನನ್ನದೇ.

ಟರ್ಬೊ ಹೋಗಿತ್ತು. ವಾರಂಟಿ ಇತ್ತು. ಕ್ಲೇಮ್ ಆಗಲಿಲ್ಲ ಅಂತ ಮೂರು ತಿಂಗಳು ಹಾರಾಡಿದೆ. ನಿಜ ಏನೆಂದರೆ, ಪವರ್ ಜಾಸ್ತಿ ಬರಲಿ ಅಂತ ಎಂಜಿನ್ ಸಾಫ್ಟ್‌ವೇರ್ ರೀಮ್ಯಾಪ್ ಮಾಡಿಸಿದ್ದೆ. ಹೋಗುವ ಮೊದಲು ಹಳೆ ಸಾಫ್ಟ್‌ವೇರ್ ವಾಪಸ್ ಹಾಕಿಸಿದ್ದೆ, ಯಾರಿಗೂ ಗೊತ್ತಾಗಲ್ಲ ಅಂತ. ಎಷ್ಟು ಸಲ ಬರೆದಿದ್ದಾರೆ ಎಂಬ ಲೆಕ್ಕ ಕಂಟ್ರೋಲ್ ಯೂನಿಟ್‌ನಲ್ಲೇ ಉಳಿದಿತ್ತು. ಒಂದೇ ನಿಮಿಷದಲ್ಲಿ ಸ್ಕ್ರೀನ್ ತಿರುಗಿಸಿ ತೋರಿಸಿದರು. ತಲೆ ತಗ್ಗಿಸಿ ಬಂದೆ.

ಹಾಗಾಗಿ ನಿಧಾನಸ್ಥ ಅವರೇ, ಹೋಗುವ ಮೊದಲು ನಿಮ್ಮ ಕಡೆ ಪೂರ್ತಿ ಚೊಕ್ಕವಾಗಿದೆಯಾ ನೋಡಿಕೊಳ್ಳಿ. ಸರ್ವಿಸ್ ತಪ್ಪಿಸಿದ್ದೀರಾ? ಹೊರಗೆ ಏನಾದರೂ ವೈರಿಂಗ್ ಮಾಡಿಸಿದ್ದೀರಾ? ಇದ್ದರೆ ನೀವೇ ಮೊದಲು ಹೇಳಿಬಿಡಿ. ಅವರು ಕಂಡುಹಿಡಿದ ಮೇಲೆ ನಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ನಿಧಾನಸ್ಥ

ಎರಡನೇ ವರ್ಷದ ಆಯಿಲ್ ಸರ್ವಿಸ್ ಒಂದನ್ನು ಹೊರಗಿನ ಗ್ಯಾರೇಜ್‌ನಲ್ಲಿ ಮಾಡಿಸಿದ್ದೆ. ಊರಲ್ಲಿರಲಿಲ್ಲ. ಬಿಲ್ ಇದೆ. ಅದೊಂದರಿಂದ ವಾರಂಟಿಯೇ ಹೋಗುತ್ತದಾ?

ಸಣ್ಣಕ್ಷರ

ನಾನು ವಕೀಲನಲ್ಲ. ಷರತ್ತುಗಳ ಸಣ್ಣ ಅಕ್ಷರ ಓದುವ ಚಟ ಇರುವವನು. ಹೊರಗೆ ಆಯಿಲ್ ಬದಲಿಸಿದ್ದಕ್ಕೂ ಕ್ಲಚ್ ನಡುಗುವುದಕ್ಕೂ ಸಂಬಂಧ ತೋರಿಸಿ ಎಂದು ನೀವು ಕೇಳಬೇಕು. ಇದು ಬರೀ ವಾದಕ್ಕೆ ವಾದ ಅಲ್ಲ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯ್ದೆ ಇದೆ. ಕಂಪನಿ ತನ್ನದೇ ಬ್ರ್ಯಾಂಡಿನ ಪಾರ್ಟ್, ತನ್ನದೇ ಸರ್ವಿಸ್ ಬಳಸಿದರೆ ಮಾತ್ರ ವಾರಂಟಿ ಎಂದು ಕಟ್ಟುಹಾಕುವಂತಿಲ್ಲ, ಅವನ್ನು ಪುಕ್ಕಟೆ ಕೊಟ್ಟರೆ ಬೇರೆ ಮಾತು. ಎಲ್ಲ ದೇಶದಲ್ಲೂ ಇಷ್ಟು ಖಡಕ್ ಇಲ್ಲ, ನಿಮ್ಮ ಪುಸ್ತಕದ ಷರತ್ತು ನೋಡಲೇಬೇಕು. ಆದರೂ ಸಂಬಂಧ ಇಲ್ಲದ ಕಾರಣ ಹೇಳಿ ತಿರಸ್ಕರಿಸಿದರೆ ಎಲ್ಲಿಯೇ ಆಗಲಿ ಪ್ರಶ್ನಿಸಬಹುದು.

ಇನ್ನೊಂದು ವಿಷಯ ಜನಕ್ಕೆ ಗೊತ್ತಿರುವುದಿಲ್ಲ. ಕಂಪನಿ ಬರೆದುಕೊಟ್ಟ ವಾರಂಟಿ ಒಂದು. ಕಾನೂನೇ ಗ್ರಾಹಕರಿಗೆ ಕೊಟ್ಟ ಹಕ್ಕು ಇನ್ನೊಂದು. ಮೊದಲನೆಯದು ಮುಗಿದರೆ ಎರಡನೆಯದೂ ಮುಗಿಯಿತು ಅಂತಲ್ಲ. ಬ್ರಿಟನ್‌ನಲ್ಲಿ 2015ರ ಗ್ರಾಹಕ ಹಕ್ಕು ಕಾಯ್ದೆ ಪ್ರಕಾರ ಮೊದಲ 30 ದಿನದಲ್ಲಿ ದೋಷ ಇರುವ ವಸ್ತುವನ್ನು ವಾಪಸ್ ಮಾಡಬಹುದು. ಅದಾದ ಮೇಲೂ ಆರು ತಿಂಗಳೊಳಗೆ ದೋಷ ಕಂಡರೆ ಅದು ಮೊದಲಿನಿಂದಲೇ ಇತ್ತು ಎಂದೇ ಲೆಕ್ಕ, ಇರಲಿಲ್ಲ ಎಂದು ಸಾಬೀತು ಮಾಡಬೇಕಾದವರು ಮಾರಿದವರು. ಯುರೋಪಿನ ಒಕ್ಕೂಟದಲ್ಲಿ ಹೊಸ ವಸ್ತುವಿಗೆ ಮಾರಿದವರ ಹೊಣೆ ಕನಿಷ್ಠ 2 ವರ್ಷ. ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದರಡಿ ಗ್ರಾಹಕ ಆಯೋಗಕ್ಕೆ ದೂರು ಕೊಡಲು, ತೊಂದರೆಯ ಕಾರಣ ಹುಟ್ಟಿದ ದಿನದಿಂದ 2 ವರ್ಷ ಸಮಯ. ಇಲ್ಲಿಯೂ ಅದೇ ಜಾಬ್ ಕಾರ್ಡ್ ಕೈ ಹಿಡಿಯುತ್ತದೆ. ಆ ದಿನ ಯಾವುದು ಎಂದು ಹೇಳುವುದು ಅದೇ ತಾನೇ?

"ನೀವು ಓಡಿಸುವ ರೀತಿ" ಎಂದರಲ್ಲ, ಅದನ್ನು ಓದಿದಾಗ ನನಗೆ ನಗು ಬಂತು. ಆಸ್ಟ್ರೇಲಿಯಾದಲ್ಲಿ ಫೋರ್ಡ್ ಕಂಪನಿಯ ಪವರ್‌ಶಿಫ್ಟ್ ಎಂಬ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಬಗ್ಗೆ ಇದೇ ನಡುಕದ ದೂರುಗಳು ರಾಶಿ ಬಿದ್ದಿದ್ದವು. ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಮೂರರಲ್ಲೂ. ತೊಂದರೆ ಎಷ್ಟೋ ಜನರಿಗೆ ಇದೆ ಎಂದು ಗೊತ್ತಿದ್ದೂ ಕೆಲವರಿಗೆ ಇದು ನಿಮ್ಮ ಡ್ರೈವಿಂಗ್‌ನಿಂದ ಎಂದು ಹೇಳಲಾಗಿತ್ತು. ಅಲ್ಲಿನ ಗ್ರಾಹಕ ಆಯೋಗ ಕೋರ್ಟಿಗೆ ಹೋಯಿತು. 2018ರಲ್ಲಿ ಫೆಡರಲ್ ಕೋರ್ಟ್ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಗಮನಿಸಿ, ದಂಡ ಬಿದ್ದದ್ದು ಗೇರ್‌ಬಾಕ್ಸ್ ಕೆಟ್ಟದ್ದು ಅಂತಲ್ಲ. ದೂರು ಹೇಳಿಕೊಂಡು ಬಂದವರನ್ನು ನಡೆಸಿಕೊಂಡ ರೀತಿಗೆ.

ನಿಮ್ಮ ಕಾರು ಬೇರೆ ಕಂಪನಿಯದಿರಬಹುದು. ಆದರೆ ಆ ಮಾತನ್ನು ಬರೆದು ಕೊಡಿ ಎಂದು ಕೇಳಿ ನೋಡಿ. ಬರೆಯಲು ಯಾರೂ ಪೆನ್ನು ಎತ್ತುವುದಿಲ್ಲ.

ಬಿಸಿರಕ್ತ

ಇಷ್ಟೆಲ್ಲ ಯಾಕೆ, ಕಾರಿಗೆ ಕತ್ತೆ ಕಟ್ಟಿ ಎಳೆಸಿ ವಿಡಿಯೊ ಹಾಕಿ. ಒಂದೇ ದಿನದಲ್ಲಿ ಕೆಲಸ ಆಗುತ್ತದೆ.

ಜಾಬ್‌ಕಾರ್ಡ್ ಮಾಜಿ

ಕತ್ತೆಗೂ ವಾರಂಟಿ ಕೇಳಬೇಕಾದೀತು.

ಸೋಶಿಯಲ್ ಮೀಡಿಯಾ ಕೆಲಸ ಮಾಡುವುದೇ ಇಲ್ಲ ಅನ್ನಲಾರೆ. ಮಾಡುತ್ತದೆ. ಆದರೆ ಮೊದಲೇ ಆ ಬಾಣ ಬಿಟ್ಟರೆ ಅಡ್ವೈಸರ್, ಮ್ಯಾನೇಜರ್ ಎಲ್ಲರೂ ಬಾಯಿ ಹೊಲಿದುಕೊಳ್ಳುತ್ತಾರೆ. ಆಮೇಲೆ ಒಂದೊಂದು ಪದವೂ ಲೀಗಲ್ ವಿಭಾಗದಿಂದ ಬರುತ್ತದೆ. ನಿಮಗೆ ನಿಜವಾಗಿ ಬೇಕಾದ್ದು ವರ್ಕ್‌ಶಾಪ್ ಒಳಗಿನ ಒಬ್ಬ ಹಿರಿಯ ಟೆಕ್ನಿಷಿಯನ್‌ನ ಅರ್ಧ ಗಂಟೆ.

ಹಾಗಾಗಿ ನಿಧಾನಸ್ಥ ಸರ್, ಹೀಗೆ ಮಾಡಿ. ಸಂಜೆ ಹೊತ್ತಿಗೆ, ಟ್ರಾಫಿಕ್‌ನಲ್ಲಿ ಕಾರನ್ನು ಚೆನ್ನಾಗಿ ಬಿಸಿ ಮಾಡಿಕೊಂಡು ಹೋಗಿ. ಎಂಜಿನ್ ಆಫ್ ಮಾಡುವ ಮೊದಲೇ ಟೆಕ್ನಿಷಿಯನ್ ಒಬ್ಬರನ್ನು ಪಕ್ಕ ಕೂರಿಸಿಕೊಳ್ಳಿ. ಮೊದಲು ನೀವು ಓಡಿಸಿ, ಆಮೇಲೆ ಅವರಿಗೆ ಕೊಡಿ. ಅವರ ಕೈಯಲ್ಲೂ ನಡುಗಿದರೆ "ಓಡಿಸುವ ರೀತಿ" ಅಲ್ಲಿಗೇ ಸತ್ತಿತು. ಮುಂಚೆಯೇ ಫೋನ್ ಮಾಡಿ ಸಮಯ ತೆಗೆದುಕೊಳ್ಳಿ. ಶನಿವಾರ ಬೇಡ, ಅವತ್ತು ಯಾರಿಗೂ ತಲೆ ಕೆರೆಯಲೂ ಪುರುಸೊತ್ತು ಇರುವುದಿಲ್ಲ.

ಹೋಗುವ ಹಿಂದಿನ ದಿನ ಒಂದು ಮೇಲ್ ಕಳಿಸಿ. ಸರ್ವಿಸ್ ಮ್ಯಾನೇಜರ್‌ಗೆ, ಅದರದೇ ಒಂದು ಕಾಪಿ ಕಂಪನಿಯ ಗ್ರಾಹಕ ಸೇವೆಗೆ. ಸಿಟ್ಟು ಬೇಡ, ಕಥೆ ಬೇಡ. ಹೀಗಿದ್ದರೆ ಸಾಕು:

"ನನ್ನ ಕಾರು (ನೋಂದಣಿ ಸಂಖ್ಯೆ, ಚಾಸಿಸ್ ಸಂಖ್ಯೆ) ಇಂಥ ದಿನ ವಾರಂಟಿ ಮುಗಿಸುತ್ತದೆ. ಸುಮಾರು 30 ನಿಮಿಷ ನಿಧಾನ ಟ್ರಾಫಿಕ್‌ನಲ್ಲಿ ಓಡಿದ ಮೇಲೆ ಹೊರಡುವಾಗ ನಡುಕ, ಒಂದರಿಂದ ಎರಡನೇ ಗೇರಿಗೆ ಜರ್ಕ್ ಬರುತ್ತಿದೆ. ಇಂಥ ದಿನಗಳಂದು ಮೂರು ಸಲ ತಂದಿದ್ದೆ. ತೊಂದರೆ ಹಾಗೇ ಇದೆ. ನಾಳೆ ಸಂಜೆ ಟೆಕ್ನಿಷಿಯನ್ ಜೊತೆ ಓಡಿಸಿ ತೋರಿಸುತ್ತೇನೆ. ವಾರಂಟಿಯಲ್ಲಿ ಬರುವುದಿಲ್ಲ ಎಂದಾದರೆ, ಯಾವ ಷರತ್ತಿನ ಪ್ರಕಾರ ಮತ್ತು ಯಾವ ಪರೀಕ್ಷೆಯ ಆಧಾರದ ಮೇಲೆ ಎಂದು ಬರಹದಲ್ಲಿ ತಿಳಿಸಿ."

ಕೊನೆಯ ವಾಕ್ಯ ಬಿಡಬೇಡಿ. ಇಡೀ ಮೇಲ್‌ನಲ್ಲಿ ಹಲ್ಲು ಇರುವುದು ಅದಕ್ಕೆ.

ಮತ್ತೊಂದು. "ಬಿಚ್ಚಿ ನೋಡಬೇಕು, ವಾರಂಟಿ ಆಗದಿದ್ದರೆ ಬಿಚ್ಚಿದ ಕೂಲಿ ನಿಮ್ಮದು" ಎನ್ನುತ್ತಾರೆ. ಅದು ರೂಢಿ. ಒಪ್ಪುವ ಮೊದಲು ಎಷ್ಟಾಗುತ್ತದೆ, ಯಾವುದು ಕಂಡರೆ ವಾರಂಟಿ, ಯಾವುದು ಕಂಡರೆ ಅಲ್ಲ ಎಂದು ಜಾಬ್ ಕಾರ್ಡ್‌ನಲ್ಲೇ ಬರೆಸಿ.

ಅರ್ಧ ಟ್ಯಾಂಕ್

ಕೊನೆಗೆ ಬಿಲ್ ಕೂಡ ಕೇಳಿ ಪಡೆಯಿರಿ. ವಾರಂಟಿ ಕೆಲಸಕ್ಕೆ ಹಣ ಸೊನ್ನೆ ಇದ್ದರೂ ಬಿಲ್ ಇರುತ್ತದೆ. ಯಾವ ಪಾರ್ಟ್ ಬದಲಾಯಿತು ಎಂಬುದಕ್ಕೆ ಅದೇ ದಾಖಲೆ.

ನಿಧಾನಸ್ಥ (ಹನ್ನೊಂದು ದಿನ ಕಳೆದು)

ಸುದ್ದಿ ಇದೆ.

ಮೇಲ್ ಕಳಿಸಿದ ಮರುದಿನವೇ ಸರ್ವಿಸ್ ಮ್ಯಾನೇಜರ್ ಫೋನ್. ಕೌಂಟರ್‌ನಲ್ಲಿ ಹೇಳಿದ ಮಾತಿಗೆ "ನಮ್ಮ ಹುಡುಗ ಗೊತ್ತಿಲ್ಲದೆ ಹೇಳಿರಬೇಕು" ಎಂದರು. ಇರಲಿ.

ಸಂಜೆ ಆರಕ್ಕೆ ಹೋದೆ. ಪಕ್ಕದಲ್ಲಿ ನರೆಗೂದಲಿನ ಟೆಕ್ನಿಷಿಯನ್ ಒಬ್ಬರು ಕೂತರು. ಮೊದಲ ಹತ್ತು ನಿಮಿಷ ಕಾರು ಮದುಮಗಳ ಹಾಗೆ ನಡೆಯಿತು. ನನಗೆ ಬೆವರು! ಮಾನ ಹೋಯಿತು ಅಂದುಕೊಂಡೆ. ಆಮೇಲೆ ಸಿಗ್ನಲ್ ದಾಟಿ ಹೊರಡುವಾಗ ಗಡಗಡಗಡ. ಅವರು ಏನೂ ಮಾತಾಡಲಿಲ್ಲ. ಜಾಗ ಬದಲಿಸಿ ಅವರೇ ಓಡಿಸಿದರು. ಮತ್ತೆ ಗಡಗಡ. "ಹಾಂ, ಇದೆ" ಎಂದರು. ಆ ಎರಡು ಪದ ಕೇಳಲು ಐದು ತಿಂಗಳು ಬೇಕಾಯಿತು ನೋಡಿ.

ಜಾಬ್ ಕಾರ್ಡ್ ತೆರೆದರು. ಅಡ್ವೈಸರ್ "ಗೇರ್‌ಬಾಕ್ಸ್ ಚೆಕ್" ಎಂದು ಟೈಪ್ ಮಾಡಿದರು. ನಾನು ಮೆಲ್ಲಗೆ, ನನ್ನ ಮೇಲ್‌ನಲ್ಲಿರುವ ಸಾಲನ್ನೇ ಹಾಕಿ ಎಂದೆ. ಸ್ವಲ್ಪ ಮುಖ ನೋಡಿದರು, ಹಾಕಿದರು. ಹೊರಗೆ ಸರ್ವಿಸ್ ಮಾಡಿಸಿದ ಬಿಲ್ಲನ್ನೂ ನಾನೇ ತೆಗೆದು ಕೊಟ್ಟೆ. ಅದನ್ನು ಯಾರೂ ಕಣ್ಣೆತ್ತಿಯೂ ನೋಡಲಿಲ್ಲ.

ಲಿಫ್ಟ್ ಮೇಲೆ ಎತ್ತಿದಾಗ ಹೊರಗೆ ಎಣ್ಣೆ ಕಾಣಲಿಲ್ಲ. ಅಡಾಪ್ಟೇಷನ್ ಅಂಕಿ ಒಂದು ಕ್ಲಚ್‌ನದ್ದು ಮಿತಿಯ ಹತ್ತಿರ ಇದೆ ಎಂದರು, ಪ್ರಿಂಟ್ ಕೊಡಲಿಲ್ಲ, ಸ್ಕ್ರೀನ್ ಫೋಟೊ ತೆಗೆಯಲು ಬಿಟ್ಟರು. ಕಂಪನಿಯ ಒಪ್ಪಿಗೆಗೆ ಕಳಿಸಿದ್ದಾರೆ.

ಗ್ರೀಸ್ ಕೈ

ಹೊರಗೆ ಕಾಣದಿದ್ದರೂ ಒಳಗೆ ಜಿನುಗಿರಬಹುದು. ಬಿಚ್ಚಿದಾಗ ಫೋಟೊ ಕೇಳಿ.

ನಿಧಾನಸ್ಥ (ಮೂರು ವಾರ ಕಳೆದು)

ಕಾರು ಮನೆಗೆ ಬಂತು.

ನಡುವೆ ಒಂದು ಸಲ ಕಂಪನಿಯಿಂದ ಇಲ್ಲ ಎಂದೇ ಬಂದಿತ್ತು, ಅದೇ ಸವೆತ ಎಂಬ ರಾಗ. ಯಾವ ಪರೀಕ್ಷೆಯ ಆಧಾರ ಎಂದು ಅದೇ ಮೇಲ್‌ಗೆ ಉತ್ತರ ಬರೆದೆ. ಇನ್ನೂ ಬಿಚ್ಚಿಯೇ ಇರಲಿಲ್ಲ, ಪರೀಕ್ಷೆ ಎಲ್ಲಿಂದ ಬರಬೇಕು? ನಾಲ್ಕು ದಿನಕ್ಕೆ ಕಂಪನಿಯ ಏರಿಯಾ ಟೆಕ್ನಿಕಲ್ ಮ್ಯಾನೇಜರ್ ಬರುತ್ತಾರೆ ಎಂದರು. ಅವರ ಎದುರೇ ಬಿಚ್ಚಿದರು. ಗ್ರೀಸ್ ಕೈ ಅಣ್ಣ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಇನ್‌ಪುಟ್ ಶಾಫ್ಟ್ ಸೀಲ್ ಜಿನುಗಿದೆ. ಒಂದು ಪ್ಲೇಟಿನ ಅಂಚಿನ ಸುತ್ತ ಕಪ್ಪು ಮಸಿ ಕಟ್ಟಿತ್ತು. ಪ್ಲೇಟಿನ ದಪ್ಪ ಮಾತ್ರ ಇನ್ನೂ ಚೆನ್ನಾಗಿಯೇ ಇತ್ತು. ಸವೆತದ ಮಾತು ಅಲ್ಲಿಗೆ ಮುಗಿಯಿತು.

ಸೀಲ್, ಕ್ಲಚ್ ಸೆಟ್ ಎರಡೂ ಹೊಸದು. ಸೊನ್ನೆ ಮೊತ್ತದ ಬಿಲ್ ಕೇಳಿ ತಂದಿದ್ದೇನೆ, ಮೇಡಂ. ಬೇರೆ ಕಾರು ಕೇಳಿದ್ದೆ, ಕೊಡಲಿಲ್ಲ. ಹದಿನಾಲ್ಕು ದಿನ ಬಸ್ಸಿನಲ್ಲಿ ಓಡಾಡಿದೆ. ಅದರ ಬಗ್ಗೆ ಜಗಳ ಆಡುವ ಶಕ್ತಿ ಉಳಿದಿರಲಿಲ್ಲ.

ಬಿಸಿರಕ್ತ

ಕತ್ತೆ ಇಲ್ಲದೆಯೂ ಆಯಿತಲ್ಲ ಸರ್. ಅಭಿನಂದನೆ. ನನ್ನದು ಸನ್‌ರೂಫ್ ಸೋರುತ್ತಿದೆ, ನಾಳೆ ಜಾಬ್ ಕಾರ್ಡ್ ಹುಡುಕುತ್ತೇನೆ.

ಸಣ್ಣಕ್ಷರ

ಹೊಸದಾಗಿ ಹಾಕಿದ ಕ್ಲಚ್‌ಗೆ ವಾರಂಟಿ ಎಷ್ಟು ದಿನ ಎಂದು ಕೇಳಿದಿರಾ? ಹಲವು ಕಂಪನಿಗಳಲ್ಲಿ ವಾರಂಟಿಯಲ್ಲಿ ಬದಲಿಸಿದ ಪಾರ್ಟ್‌ಗೆ ಕಾರಿನ ಉಳಿದ ವಾರಂಟಿ ಅವಧಿ ಮಾತ್ರ. ನಿಮಗೆ ಉಳಿದಿರುವುದು ಎರಡು ವಾರ.

ನಿಧಾನಸ್ಥ

ಅಯ್ಯೋ. ಕೇಳಲಿಲ್ಲ. ಇವತ್ತೇ ಮೇಲ್ ಹಾಕುತ್ತೇನೆ.